ಕಸಮುಸುರೆಯ ಕೆಲಸವೂ ಗೃಹಸ್ಥರ ಧರ್ಮವೂ

ವಿದ್ಯಾವಂತರಾದ ನಾಲ್ವರು ಗೃಹಸ್ಥರು ಒಂದೆಡೆ ಕಲೆತರೆ, ಮಳೆ ಬೆಳೆಗಳ ಪ್ರಸ್ತಾಪ ಮುಗಿದೊಡನೆ ತಪ್ಪದೆ ಹೊರಡುವ ಮಾತೊಂದುಂಟು: "ಈಗಿನ ಕಾಲದಲ್ಲಿ ಮನೆಗೆಲಸದವರು ಸಿಕ್ಕುವುದಿಲ್ಲ, ಸಿಕ್ಕರೆ ನಿಲ್ಲುವುದಿಲ್ಲ, ನಿಂತರೆ ಮಾತು ಕೇಳುವುದಿಲ್ಲ." ಹಡಗಲಿ ತಾಲ್ಲೂಕಿನ ಇಟ್ಟಿಗಿಯಲ್ಲಿಯೂ, ಹರಪನಹಳ್ಳಿ ಕೊಟ್ಟೂರುಗಳ ಹೊಸ ಬಡಾವಣೆಗಳಲ್ಲಿಯೂ, ಕೂಡ್ಲಿಗಿ ಹಗರಿಬೊಮ್ಮನಹಳ್ಳಿಗಳ ನೌಕರರ ಮನೆಗಳಲ್ಲಿಯೂ ಈ ದೂರು ಒಂದೇ ಧಾಟಿಯಲ್ಲಿ ಕೇಳಿಬರುವುದು. ದೂರುವವರು ಹತ್ತು ಮಂದಿ. ದೂರಿಗೆ ಗುರಿಯಾದವಳಿಗಾದರೋ ಆ ಸಭೆಯಲ್ಲಿ ಸ್ಥಾನವೇ ಇಲ್ಲ. ಒಂದೇ ಪಕ್ಷದ ವಾದವನ್ನು ಕೇಳಿ ತೀರ್ಪು ಕೊಡುವುದು ಯಾವ ನ್ಯಾಯಕ್ಕೂ ಸಮ್ಮತವಲ್ಲ. ಆದುದರಿಂದ ಎದುರು ಪಕ್ಷದ ವಾದವನ್ನೂ ವಾಚಕ ಕುಟುಂಬಗಳ ಮುಂದಿಡುವುದು ಅವಶ್ಯವಾಗಿದೆ.

ಮೊದಲು ಈ ಕೆಲಸದ ಸ್ವರೂಪವನ್ನು ವಿಚಾರಿಸತಕ್ಕದ್ದು. ಮಾಳಿಗೆಮನೆಗಳ ಕಾಲದಲ್ಲಿ ನೆಲವನ್ನು ಸೆಗಣಿಯಿಂದ ಸಾರಿಸುವುದು, ಅಂಗಳ ಗುಡಿಸಿ ನೀರು ಚಿಮುಕಿಸುವುದು, ಮುಸುರೆ ತಿಕ್ಕುವುದು, ಇವೆಲ್ಲ ಮನೆಯ ಹೆಣ್ಣುಮಕ್ಕಳ ಪಾಲಿಗಿದ್ದುವು. ಅತ್ತೆ ಸೊಸೆ ನಾದಿನಿಯರು ಹಂಚಿಕೊಂಡು ಮಾಡುತ್ತಿದ್ದುದರಿಂದ ಅದರ ಬೆಲೆಯೆಷ್ಟೆಂಬ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಬರಬರುತ್ತ ಕೂಡುಕುಟುಂಬಗಳು ಒಡೆದುವು. ಗಂಡಹೆಂಡಿರಿಬ್ಬರೂ ಶಾಲೆಗೋ ಬ್ಯಾಂಕಿಗೋ ಕಚೇರಿಗೋ ಹೋಗುವ ಕಾಲ ಬಂದಿತು. ಮಣ್ಣಿನ ನೆಲ ಹೋಗಿ ಗಚ್ಚೂ, ಗಚ್ಚು ಹೋಗಿ ಟೈಲ್ಸೂ ಬಂದುವು. ಮನೆಗೆ ಮೇಲಂತಸ್ತು ಏರಿತು, ಒಂದಿದ್ದ ಬಚ್ಚಲು ಎರಡಾಯಿತು. ಹೀಗೆ ಕೆಲಸವು ಮನೆಯವರ ಕೈಮೀರಿದಾಗ ಅದನ್ನು ಹೊರಗಿನ ಕೈಗೆ ಒಪ್ಪಿಸಿದರು. ಕೈ ಬದಲಾಯಿತು, ಅಳತೆಯಿಲ್ಲದ ಹಳೆಯ ರೂಢಿ ಮಾತ್ರ ಹಾಗೆಯೇ ಉಳಿಯಿತು. ಇಂದಿನ ಜಗಳಗಳ ಬೇರು ಇರುವುದು ಇಲ್ಲಿಯೇ.

ವಿಜಯನಗರದ ಅರಸರ ಕಾಲದಿಂದ ಈ ಸೀಮೆಯ ಹಳ್ಳಿಗಳಲ್ಲಿ ಆಯಗಾರರ ಪದ್ಧತಿ ನಡೆದುಬಂದಿತ್ತು. ಅಗಸ, ಕಮ್ಮಾರ, ಬಡಿಗ ಮೊದಲಾದವರಿಗೆ ಸುಗ್ಗಿಯ ಕಣದಲ್ಲಿ ಇಷ್ಟು ಕಾಳೆಂಬ ಆಯ ಗೊತ್ತಾಗಿರುತ್ತಿತ್ತು. ಹುಟ್ಟನ್ನೇ ಕಸುಬಿಗೆ ಕಟ್ಟಿಹಾಕಿದ್ದ ಆ ಪದ್ಧತಿ ಮರಳಿ ಬರಲೆಂದು ವಿವೇಕಿಗಳು ಯಾರೂ ಹೇಳಲಾರರು. ಆದರೂ ಅದರಲ್ಲಿ ಗುಣವೊಂದಿತ್ತು: ಯಾರಿಗೆ ಎಷ್ಟು ಸಲ್ಲಬೇಕೆಂಬುದು ಊರಿಗೇ ತಿಳಿದಿತ್ತು, ಕೊಡದವನು ಕಣದಲ್ಲಿ ಹತ್ತು ಮಂದಿಯೆದುರು ತಲೆತಗ್ಗಿಸಬೇಕಾಗಿತ್ತು. ಕಸಮುಸುರೆಯವಳ ಕೂಲಿಯಾದರೋ ಇಂದು ಅಡಿಗೆಮನೆಯ ಬಾಗಿಲಲ್ಲಿ ಗುಟ್ಟಾಗಿ ನಿಶ್ಚಯವಾಗುತ್ತದೆ. ಅಲ್ಲಿಯೇ ಗುಟ್ಟಾಗಿ ಮುರಿಯಲ್ಪಡುತ್ತದೆ.

ಈಕೆ ಯಾರೊಬ್ಬರ ಮನೆಯ ಆಳೂ ಅಲ್ಲ. ಈಕೆಗೆ ದಲ್ಲಾಳಿಯಿಲ್ಲ, ಮೇಸ್ತ್ರಿಯಿಲ್ಲ. ನಸುಕಿನಲ್ಲೆದ್ದು ತನ್ನ ಮನೆಯ ನೀರು ನೆರಳು, ರೊಟ್ಟಿ ಪಲ್ಯಗಳನ್ನು ಮುಗಿಸಿ, ಮೂರು ನಾಲ್ಕು ಮನೆಗಳ ಕೆಲಸವನ್ನು ತಾನೇ ಒಪ್ಪಿ, ತಾನೇ ಹೊತ್ತು ಹೊಂದಿಸಿಕೊಂಡು ಮಾಡುವ ಸ್ವತಂತ್ರ ಕಸುಬಿನವಳು. ಬಾಗಿಲು ಮಾಡುವ ಬಡಿಗನಿಗೂ ಅಂಗಿ ಹೊಲಿಯುವ ಸಿಂಪಿಗನಿಗೂ ಯಾವ ಸ್ವಾತಂತ್ರ್ಯವುಂಟೋ ಅದೇ ಸ್ವಾತಂತ್ರ್ಯ ಈಕೆಗೂ ಉಂಟು. ಒಂದು ಅಂಗಿಗೆ ಕೂಲಿ ಕೊಟ್ಟು ಎರಡನೆಯದನ್ನು ಬಿಟ್ಟಿ ಹೊಲಿದುಕೊಡೆಂದು ಸಿಂಪಿಗನಿಗೆ ಹೇಳುವ ಧೈರ್ಯ ಯಾವ ಗೃಹಸ್ಥನಿಗೂ ಇಲ್ಲ. ಈಕೆಗಾದರೆ ಅದನ್ನು ದಿನವೂ ಹೇಳುವರು.

ಹೇಳುವ ರೀತಿಯನ್ನು ನೋಡಿರಿ. ಮೊದಲ ದಿನದ ಮಾತು ಕಸ, ನೆಲ, ಮುಸುರೆ ಎಂದು. ವಾರದೊಳಗಾಗಿ, "ಇದೊಂದಿಷ್ಟು ಮಾಡಿ ಹೋಗವ್ವಾ" ಎಂದು ಎರಡು ಬಟ್ಟೆ ಬೀಳುವುವು. ಬೀಗರು ಬಂದರೆ ಭಾಂಡೆಗಳ ರಾಶಿ ಇಮ್ಮಡಿಯಾಗುವುದು. ಮಹಾನವಮಿ ಬಂದಿತೆಂದರೆ ಮನೆಯ ಹಾಸಿಗೆ ಹೊದಿಕೆಗಳೆಲ್ಲ, ಉಗಾದಿ ಬಂದಿತೆಂದರೆ ಅಟ್ಟದ ಧೂಳೂ ಜೇಡರ ಬಲೆಯೂ ಆ "ಇದೊಂದಿಷ್ಟು" ಎಂಬ ಮಾತಿನೊಳಗೇ ಅಡಗುವುವು. ಮಾತು ಬೆಣ್ಣೆಯಂತಿದ್ದರೂ ಅದರ ಭಾರವನ್ನು ಹೊರತಕ್ಕದ್ದು ಆಕೆಯ ಸೊಂಟ. ಇಷ್ಟೇ ಅಲ್ಲ: ಮೊದಲನೆಯ ಮನೆಯವರ "ಇದೊಂದಿಷ್ಟು" ಎಂಬುದೇ ಎರಡನೆಯ ಮನೆಯಲ್ಲಿ "ಯಾಕಿಷ್ಟು ತಡ?" ಎಂಬ ಬೈಗುಳವಾಗಿ ಪರಿಣಮಿಸುವುದು. ತಪ್ಪು ಒಬ್ಬರದು, ಲಾಭ ಅವರಿಗೇ, ಬೈಗುಳ ಮಾತ್ರ ಆಕೆಗೆ!

ಲೆಕ್ಕ ಬಲ್ಲ ಗೃಹಸ್ಥರು ಸ್ವಲ್ಪ ಲೆಕ್ಕ ಹಾಕಿ ನೋಡಲಿ. ಮನೆಯೊಂದಕ್ಕೆ ದಿನಕ್ಕೆ ಅರ್ಧ ಗಂಟೆ ಮಾತ್ರ ಹೆಚ್ಚು ಕೆಲಸವಾಯಿತೆಂದು ಹಿಡಿದರೂ ನಾಲ್ಕು ಮನೆಗಳಿಗೆ 2 ಗಂಟೆ. ತಿಂಗಳ 30 ದಿನಕ್ಕೆ 60 ಗಂಟೆ. ದಿನಕ್ಕೆ 8 ಗಂಟೆಯ ದುಡಿಮೆಯೆಂಬ ಪ್ರಮಾಣದಲ್ಲಿ ಇದು ಏಳೂವರೆ ದಿನಗಳಾಗುವುದು. ಅಂದರೆ ತಿಂಗಳಿಗೊಂದು ವಾರವನ್ನು ಈಕೆ ಬಿಟ್ಟಿ ದುಡಿಯುತ್ತಾಳೆ. ಬಿಟ್ಟಿ ಬೇಗಾರಿಯ ಕಾಲ ಮುಗಿಯಿತೆಂದು ಶಾಲೆಯಲ್ಲಿ ಪಾಠ ಹೇಳುವವರ ಮನೆಯಲ್ಲಿಯೇ ಅದು ಕಸಬರಿಗೆಯನ್ನು ಹಿಡಿದು ನಿಂತಿರುವುದು ಎಂಥ ವಿಪರ್ಯಾಸ!

ಇದಕ್ಕೆ ಗೃಹಸ್ಥರ ಕಡೆಯಿಂದ ಬರುವ ಆಕ್ಷೇಪಗಳನ್ನು ಒಂದೊಂದಾಗಿ ಪರಿಶೀಲಿಸಬೇಕಾಗಿದೆ.

"ನಾವು ಆಕೆಯನ್ನು ಮನೆಮಗಳಂತೆ ಕಾಣುವಾಗ ಲೆಕ್ಕಾಚಾರವೇಕೆ?" ಎಂಬುದು ಮೊದಲನೆಯದು. ಮಾತೇನೋ ಸೊಗಸಾಗಿದೆ. ಆದರೆ ಮಗಳಿಗೆ ಜ್ವರ ಬಂದರೆ ಕಷಾಯ ಕಾಸುವರಲ್ಲದೆ ಎರಡು ದಿನದ ಅನ್ನವನ್ನು ಕಡಿಯುವರೆ? ಮಗಳಿಗೆ ಚಹಾ ಕೊಡಲು ಬೇರೆ ಲೋಟವನ್ನು ಗೂಡಿನಲ್ಲಿಡುವರೆ? ಮಗಳು ತೊಳೆದ ಬಚ್ಚಲನ್ನು ಮಗಳೇ ಬಳಸಕೂಡದೆನ್ನುವರೆ? ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿಯು ರದ್ದುಮಾಡಿತು. 1955ರ ಕಾಯಿದೆಯು ಅದರ ಆಚರಣೆಗೆ ಶಿಕ್ಷೆಯನ್ನು ವಿಧಿಸಿತು. ಹೀಗಿದ್ದರೂ ಆ ಲೋಟವು ಎಷ್ಟೋ ಸುಶಿಕ್ಷಿತರ ಮನೆಗಳಲ್ಲಿ ಹೆಸರು ಬದಲಿಸಿಕೊಂಡು, "ಶುಚಿತ್ವ"ವೆಂಬ ನೆವದಿಂದ ಉಳಿದುಕೊಂಡಿದೆ. 2020ರ ಮಾರ್ಚಿಯಲ್ಲಿ ಕೊರೋನಾ ರೋಗದ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿದಾಗ ಈ ಮಗಳುತನದ ಪರೀಕ್ಷೆಯಾಯಿತು. ಎಷ್ಟೋ ಮನೆಗಳಲ್ಲಿ ಬಾಗಿಲಿನೊಡನೆ ಕೂಲಿಯೂ ಮುಚ್ಚಿತು. ಕೆಲವು ಮನೆಯವರು ಬಾರದ ತಿಂಗಳುಗಳಿಗೂ ಕೂಲಿ ಕಳುಹಿಸಿದರು. ಅವರು ಆಕೆಯನ್ನು ಮಗಳೆಂದು ಕರೆದಿದ್ದರೋ ಇಲ್ಲವೋ, ಮನುಷ್ಯಳೆಂದು ಬಲ್ಲವರಾಗಿದ್ದರು. ನೆಂಟಸ್ತಿಕೆಯ ಮಾತು ಕೂಲಿಯ ಮೇಲೆ ಸೇರಿದರೆ ಭೂಷಣ. ಕೂಲಿಯ ಬದಲಿಗೆ ಬಂದರೆ ವಂಚನೆ.

"ಹೇಳದೆ ಕೇಳದೆ ತಪ್ಪಿಸುತ್ತಾರೆ" ಎಂಬುದು ಎರಡನೆಯದು. ಈ ತೊಂದರೆ ನಿಜವೇ. ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡುವ ಗೃಹಿಣಿಗೆ ಇದರಿಂದಾಗುವ ಸಂಕಟವನ್ನು ಅಲ್ಲಗಳೆಯಲಾಗದು. ಆದರೆ ನೌಕರರಿಗೆ ಭಾನುವಾರವುಂಟು, ಹಬ್ಬದ ರಜೆಯುಂಟು, ಕಾಯಿಲೆಯ ರಜೆಯುಂಟು. ಈಕೆಗೆ ಗೊತ್ತಾದ ರಜೆ ಎಷ್ಟು? ಕೊಟ್ಟೂರಿನ ತೇರು, ಮೈಲಾರದ ಕಾರಣೀಕ ಆಕೆಯ ಮನೆಗೂ ಬರುವ ಹಬ್ಬಗಳಲ್ಲವೆ? "ಅಕ್ಕಾರ, ನಾಳೆ ಬರೂದಿಲ್ರಿ" ಎಂದು ಮುಂದಾಗಿ ಹೇಳಿದರೆ "ನಾಳೆಯೇ ಬೀಗರು ಬರುತ್ತಾರೆ" ಎಂಬ ಉತ್ತರ ಸಿದ್ಧವಾಗಿರುವಲ್ಲಿ, ಹೇಳದೆ ಉಳಿಯುವುದನ್ನು ಕಲಿಸಿದವರು ಯಾರು? ತಿಂಗಳಿಗೆ ಇಷ್ಟು ದಿನವೆಂದು ಕೂಲಿಸಹಿತವಾದ ರಜೆಯನ್ನು ಗೊತ್ತುಮಾಡಿದ ಮನೆಯಲ್ಲಿ ಹೇಳಿಹೋಗುವ ಅಭ್ಯಾಸ ತಾನಾಗಿಯೇ ಬೆಳೆಯುವುದು.

"ವಸ್ತುಗಳು ಕಾಣೆಯಾಗುತ್ತವೆ" ಎಂಬುದು ಮೂರನೆಯದೂ ಕ್ರೂರವಾದುದೂ ಆದ ಆಕ್ಷೇಪ. ಮನೆಯೊಡತಿಯೇ ಇಟ್ಟು ಮರೆತ ಉಂಗುರಕ್ಕಾಗಿ ಒಬ್ಬ ಬಡವಿಯ ಸೆರಗನ್ನು ಝಾಡಿಸಿ, ಉಂಗುರವು ಮರುದಿನ ಸಾಬೂನಿನ ಡಬ್ಬಿಯ ಹಿಂದೆ ಸಿಕ್ಕಿದಾಗ ಒಂದು ಕ್ಷಮೆಯ ಮಾತನ್ನೂ ಆಡದಿರುವುದು ಎಂಥ ಸಂಸ್ಕೃತಿ? ಆ ಅಪವಾದವು ಬೀದಿಯಲ್ಲಿ ಹಬ್ಬಿದರೆ ಆಕೆ ಕಳೆದುಕೊಳ್ಳುವುದು ಒಂದೇ ಮನೆಯನ್ನಲ್ಲ, ನಾಲ್ಕೂ ಮನೆಗಳನ್ನು. ಹೆಂಗಸನ್ನು ಶೋಧಿಸಬೇಕಾದಲ್ಲಿ ಮತ್ತೊಬ್ಬ ಹೆಂಗಸೇ ಮರ್ಯಾದೆ ಕೆಡದಂತೆ ಶೋಧಿಸಬೇಕೆಂದು ಪೋಲೀಸರಿಗೂ ಶಾಸನವು ವಿಧಿಸಿರುವಾಗ, ಗೃಹಸ್ಥನಿಗೆ ಆ ಅಧಿಕಾರವು ಎಲ್ಲಿಂದ ಬಂದಿತು? ಶರಣರ ಹೆಸರನ್ನು ನಿತ್ಯವೂ ಸ್ಮರಿಸುವ ಈ ಸೀಮೆಯವರು ಹನ್ನೆರಡನೆಯ ಶತಮಾನದ ಸತ್ಯಕ್ಕನನ್ನು ನೆನೆಯಬೇಕು. ಶಿವಭಕ್ತರ ಅಂಗಳಗಳನ್ನು ಗುಡಿಸುವುದೇ ಆಕೆಯ ಕಾಯಕವಾಗಿತ್ತು. ದಾರಿಯಲ್ಲಿ ಬಿದ್ದ ಹೊನ್ನನ್ನೂ ವಸ್ತ್ರವನ್ನೂ ಮುಟ್ಟೆನೆಂದು ಆಣೆಯಿಟ್ಟು ವಚನ ನುಡಿದವಳು ಆ ಕಸ ಗುಡಿಸುವ ಹೆಣ್ಣುಮಗಳೇ. ಆಕೆಯ ವಚನವನ್ನು ಸಭೆಯಲ್ಲಿ ಹೇಳಿ ಚಪ್ಪಾಳೆ ಪಡೆದು, ಮನೆಗೆ ಬಂದು ಕಸಬರಿಗೆ ಹಿಡಿದವಳನ್ನೆಲ್ಲ ಕಳ್ಳಿಯೆಂದು ಶಂಕಿಸುವುದು ಶರಣಧರ್ಮವಾಗಲಾರದು.

"ಒಬ್ಬರು ಹೆಚ್ಚು ಕೊಟ್ಟರೆ ಬೀದಿಗೆಲ್ಲ ದರ ಏರುತ್ತದೆ" ಎಂಬ ನಾಲ್ಕನೆಯ ಆಕ್ಷೇಪಕ್ಕೆ ಉತ್ತರ ಸುಲಭ. ಏಳನೆಯ ವೇತನ ಆಯೋಗದ ಪ್ರಕಾರ ರಾಜ್ಯದ ನೌಕರರಿಗೆ 2024ರ ಆಗಸ್ಟಿನಿಂದ ಸಂಬಳ ಏರಿತು. ತುಟ್ಟಿಭತ್ಯೆಯಾದರೋ ಬೆಲೆಗಳನ್ನು ಹಿಂಬಾಲಿಸುತ್ತಲೇ ಇದೆ. ಅಕ್ಕಿ ಬೇಳೆ ಎಣ್ಣೆಗಳ ಅಂಗಡಿಯಲ್ಲಿ ನೌಕರನಿಗೊಂದು ಬೆಲೆ, ಕಸಮುಸುರೆಯವಳಿಗೊಂದು ಬೆಲೆ ಎಂಬ ಭೇದವಿಲ್ಲ. ತನ್ನ ಸಂಬಳ ಏರಿದಾಗ ನ್ಯಾಯವೆಂದೂ ಆಕೆಯ ಕೂಲಿ ಏರಿದಾಗ ಅನ್ಯಾಯವೆಂದೂ ಹೇಳುವ ತಕ್ಕಡಿಗೆ ಎರಡು ಬಗೆಯ ಕಲ್ಲುಗಳಿವೆಯೆಂದೇ ಹೇಳಬೇಕಾಗುವುದು. ದೀಪಾವಳಿಗೊಂದು ಸೀರೆ, ರಾತ್ರಿ ಉಳಿದ ಅನ್ನ, ಇವು ಈ ತೂಕದ ಕೊರತೆಯನ್ನು ತುಂಬಲಾರವು. ಸೀರೆಯು ಪ್ರೀತಿಯ ಗುರುತು. ಕೂಲಿಯು ಸಲ್ಲತಕ್ಕ ಋಣ.

ಕೊನೆಯದಾಗಿ, "ಮನೆಯೊಳಗೆ ಕರಾರು ಕಾನೂನುಗಳೆಲ್ಲ ನಮ್ಮ ಸಂಪ್ರದಾಯವಲ್ಲ, ಪರದೇಶದ ಅನುಕರಣ" ಎನ್ನುವವರಿದ್ದಾರೆ. ಸಂಪ್ರದಾಯವನ್ನು ಬಲ್ಲವರು ಹೀಗೆನ್ನಲಾರರು. ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ಕೂಲಿಯನ್ನು ಕೊಡದಿರುವುದೂ ಒಂದು. ಮೈಸೂರಿನಲ್ಲಿ ರುದ್ರಪಟ್ಟಣದ ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿ 1909ರಲ್ಲಿ ಅಚ್ಚಾಗಿ ಲೋಕವನ್ನೇ ಬೆರಗುಗೊಳಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು, ಅದರ ಧರ್ಮಸ್ಥೀಯವೆಂಬ ಮೂರನೆಯ ಅಧಿಕರಣವನ್ನು ನೋಡಬಹುದು. ಕೆಲಸಗಾರನಿಗೂ ಒಡೆಯನಿಗೂ ಆದ ಒಪ್ಪಂದವನ್ನು ನೆರೆಹೊರೆಯವರು ತಿಳಿದಿರಬೇಕು. ಮಾತಾದ ಕೂಲಿಯು ಸಲ್ಲಬೇಕು. ಮಾತಾಗದಿದ್ದಲ್ಲಿ ಕೆಲಸಕ್ಕೂ ಕಾಲಕ್ಕೂ ತಕ್ಕಂತೆ ಸಲ್ಲಬೇಕು. ಕೊಡದವನಿಗೆ ಹತ್ತನೆಯ ಒಂದು ಪಾಲು ಅಥವಾ ಆರು ಪಣ ದಂಡ. ಕೂಲಿ ಪಡೆದು ಕೆಲಸ ಮಾಡದವನಿಗೂ ಅಲ್ಲಿ ದಂಡವುಂಟು. ಆದರೆ ರೋಗವೋ ಆಪತ್ತೋ ಒದಗಿದವನಿಗೆ ವಿನಾಯಿತಿಯೂ ಉಂಟು, ತನ್ನ ಬದಲು ಇನ್ನೊಬ್ಬರಿಂದ ಮಾಡಿಸುವ ಅವಕಾಶವೂ ಉಂಟು. ಆ ಕಾಲದ ಸಮಾಜವು ಸಮತೆಯ ಸಮಾಜವಾಗಿರಲಿಲ್ಲ, ದಾಸ್ಯವೂ ಅದರಲ್ಲಿತ್ತು. ಅಂಥ ಸಮಾಜವೂ ಕೂಲಿಯನ್ನು ದಯೆಯ ವಿಷಯವೆಂದು ಬಗೆಯದೆ ವ್ಯವಹಾರದ ವಿಷಯವೆಂದು ಬಗೆದಿರಲು, ಇಂದಿನವರು ಅದಕ್ಕಿಂತ ಹಿಂದೆ ನಿಲ್ಲುವುದು ನಾಚಿಕೆಗೇಡು.

ಇನ್ನು ಈ ಕಾಲದ ಶಾಸನ. ಗೃಹಕಾರ್ಮಿಕರಿಗೆ ಕನಿಷ್ಠ ಕೂಲಿಯನ್ನು ಗೊತ್ತುಪಡಿಸಿದ ಮೊದಮೊದಲಿನ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದು ನಡೆದುದು 2004ರಲ್ಲಿ. 2008ರಲ್ಲಿ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯಿದೆಯಾಯಿತು. 2011ರ ಜೂನ್ 16ರಂದು ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಮನೆಗೆಲಸವೂ ಕೆಲಸವೇ ಎಂಬ ತತ್ತ್ವದ ಮೇಲೆ 189ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಕೆಲಸದ ಸ್ಥಳದಲ್ಲಿ ಹೆಂಗಸರ ಮಾನರಕ್ಷಣೆಗಾಗಿ 2013ರಲ್ಲಿ ಆದ ಕಾಯಿದೆಯು ವಾಸದ ಮನೆಯನ್ನೂ ಕೆಲಸದ ಸ್ಥಳವೆಂದೇ ಎಣಿಸಿತು. 2025ರಲ್ಲಿ ರಾಜ್ಯ ಸರಕಾರವು ಗೃಹಕಾರ್ಮಿಕರ ನೋಂದಣಿಯನ್ನೂ, ಬರೆಹದ ಕರಾರನ್ನೂ, ಕಲ್ಯಾಣನಿಧಿಯನ್ನೂ ಒಳಗೊಂಡ ಕರಡು ಮಸೂದೆಯೊಂದನ್ನು ಪ್ರಕಟಿಸಿತು. ಶಾಸನವು ಹೊಸ್ತಿಲವರೆಗೆ ಬಂದಿದೆ. ಹೊಸ್ತಿಲು ದಾಟಿ ಒಳಗೆ ಬರುವುದು ಮಾತ್ರ ಗೃಹಸ್ಥರ ಮನಸ್ಸಿಲ್ಲದೆ ಸಾಧ್ಯವಾಗದು.

ದುಡಿಯುವ ಹೆಣ್ಣುಮಕ್ಕಳ ಹೊಣೆಯೂ ಇಲ್ಲದಿಲ್ಲ. ಕೆಲಸ ಹಿಡಿಯುವ ದಿನವೇ ಮನೆಯನ್ನೆಲ್ಲ ಒಮ್ಮೆ ಸುತ್ತಿ ನೋಡಿ, ಎಷ್ಟು ಕೋಣೆ, ಎಷ್ಟು ಬಚ್ಚಲು, ಎಷ್ಟು ಮಂದಿಯ ಮುಸುರೆ ಎಂಬುದನ್ನು ಬಾಯಿಬಿಟ್ಟು ಕೇಳಬೇಕು. ಕೂಲಿಯ ದಿನ, ರಜೆಯ ದಿನ, ಹಬ್ಬದ ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ದರ, ಇವನ್ನು ಇನ್ನೊಬ್ಬರ ಎದುರಿನಲ್ಲಿ ಗೊತ್ತುಮಾಡಿಕೊಳ್ಳಬೇಕು. "ಇದೊಂದಿಷ್ಟು" ಎಂದಾಗ, "ಆಗಲಿ ಅಕ್ಕಾರ, ಇವತ್ತು ಇದು ಮಾಡ್ತೀನಿ, ಅದು ನಾಳೆಗೆ ಇರ್ಲಿ" ಎಂದು ನಗುತ್ತ ಹೇಳಿದರೆ ಜಗಳವೂ ಇಲ್ಲ, ಸೋಲೂ ಇಲ್ಲ. ಒಡವೆ ಹಣಗಳು ಹೊರಗೆ ಕಂಡರೆ ಮೊದಲು ಎತ್ತಿಡಿಸಿ ಆಮೇಲೆ ಕಸಬರಿಗೆ ಹಿಡಿಯಬೇಕು. ಒಂದೇ ಓಣಿಯಲ್ಲಿ ದುಡಿಯುವವರು ಒಬ್ಬರ ಕೂಲಿಯನ್ನು ಇನ್ನೊಬ್ಬರು ಕಡಿದು ಮನೆ ಹಿಡಿಯಬಾರದು. ಬೆಂಗಳೂರಿನಲ್ಲಿ ಈ ಕಸುಬಿನವರ ಸಂಘಗಳು ಹುಟ್ಟಿವೆ. ಹಳ್ಳಿಯಲ್ಲಿ ಸಂಘವಿಲ್ಲದಿದ್ದರೂ ನಾಲ್ವರ ಒಮ್ಮತವಾದರೂ ಇರಬಹುದಷ್ಟೆ. ಕೈಮಾಡುವ ಮನೆಯನ್ನೂ ಮಾನಕ್ಕೆ ಕೈಯಿಡುವ ಮನೆಯನ್ನೂ ಕೂಲಿಯ ಬಾಕಿಯ ಆಸೆಗಾಗಿ ಸಹಿಸಿಕೊಂಡಿರಕೂಡದು. ಹೊರಬಂದು ದೂರು ಕೊಡತಕ್ಕದ್ದು. ಆಕೆಯ ಸ್ವಾತಂತ್ರ್ಯದ ಅರ್ಥವೇ ಅದು.

ಗೃಹಸ್ಥರು ಮಾಡತಕ್ಕದ್ದು ಇದಕ್ಕಿಂತ ಕಡಮೆಯಾದುದು. ಬರುವ ತಿಂಗಳ ಮೊದಲನೆಯ ತಾರೀಖಿನಂದು ಕೆಲಸದವಳನ್ನು ಕೂಡ್ರಿಸಿ, ಮಾಡುವ ಕೆಲಸಗಳನ್ನೂ ಕೊಡುವ ಕೂಲಿಯನ್ನೂ ಸಲ್ಲುವ ರಜೆಯನ್ನೂ ಒಂದು ಕಾಗದದಲ್ಲಿ ಬರೆದು, ಓದಿ ಹೇಳಿ, ಅದನ್ನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಪಕ್ಕದಲ್ಲಿಯೇ ತೂಗುಹಾಕಲಿ. ಹಾಲಿನವನ ಲೆಕ್ಕಕ್ಕೆ ಗೋಡೆಯ ಮೇಲೆ ಸ್ಥಳವಿರುವಾಗ ಆಕೆಯ ಲೆಕ್ಕಕ್ಕೆ ಇಲ್ಲವೆಂದರೆ ಹೇಗೆ? ಗೂಡಿನಲ್ಲಿರುವ ಆ ಬೇರೆ ಲೋಟವನ್ನು ಅದೇ ದಿನ ಮಿಕ್ಕ ಲೋಟಗಳೊಡನೆ ಬೆರೆಸಲಿ. ಇಷ್ಟು ಮಾಡಿದ ಮೇಲೆಯೂ ಕೆಲಸದವಳು ನಿಲ್ಲದಿದ್ದರೆ ಆಗ ನಾಲ್ವರ ನಡುವೆ ದೂರಬಹುದು. ಅಲ್ಲಿಯವರೆಗೆ, ಮನೆಯ ಕಸವನ್ನು ಹೊರಹಾಕುವವಳನ್ನು ದೂರುವ ಮೊದಲು ಮನಸ್ಸಿನ ಕಸವನ್ನು ತಾವೇ ಗುಡಿಸಿಕೊಳ್ಳುವುದು ಗೃಹಸ್ಥರಿಗೆ ಶ್ರೇಯಸ್ಕರವು.