ಹೊಳೆಯ ಕಲ್ಲು ಗಾಜಿನ ಪೆಟ್ಟಿಗೆಗಲ್ಲ

ನಗರಗಳ ಅಕ್ವೇರಿಯಂ ಅಂಗಡಿಗಳಲ್ಲಿ ಇಂದು ಮೀನಿನ ಜೊತೆಗೆ ಕಲ್ಲು ಮತ್ತು ಕಟ್ಟಿಗೆಯೂ ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತಿವೆ. ನೀರು ಸವೆಸಿದ ಗುಂಡುಕಲ್ಲು, ಪ್ರವಾಹ ಹೊತ್ತು ತಂದು ದಡಕ್ಕೆ ಎಸೆದ ಬೇರಿನ ತುಂಡು, ಇವುಗಳನ್ನು ಗಾಜಿನ ತೊಟ್ಟಿಯೊಳಗೆ ಜೋಡಿಸಿ ಪುಟ್ಟ ಬೆಟ್ಟ, ಪುಟ್ಟ ಕಾಡು ಕಟ್ಟುವ ಕಲೆ 1990ರ ದಶಕದಲ್ಲಿ ಜಪಾನಿನ ತಕಾಶಿ ಅಮಾನೊ ಅವರ ಪುಸ್ತಕಗಳ ಮೂಲಕ ಜಗತ್ತಿಗೆ ಹಬ್ಬಿತು. ಅವರು ಅದನ್ನು ‘ನೇಚರ್ ಅಕ್ವೇರಿಯಂ’ ಎಂದು ಕರೆದರು. ಅಂಗಡಿಯಲ್ಲಿ ಹಣ ಕೊಡಲು ಒಲ್ಲದವರು ಚೀಲ ಹಿಡಿದು ನೇರವಾಗಿ ಹೊಳೆಗೆ ಇಳಿಯುತ್ತಾರೆ. ಬಿದ್ದಿರುವ ಕಲ್ಲು, ಬಿದ್ದಿರುವ ಕಟ್ಟಿಗೆ. ಯಾರ ಸ್ವತ್ತೂ ಅಲ್ಲ, ಯಾರಿಗೂ ನಷ್ಟವಿಲ್ಲ ಎಂಬುದು ಅವರ ವಾದ. ಮೇಲ್ನೋಟಕ್ಕೆ ನಿರುಪದ್ರವಿಯಾಗಿ ಕಾಣುವ ಈ ವಾದವನ್ನು ಗುಡ್ಡಗಾಡಿನ ಹಳ್ಳಿಗಳು ಒಪ್ಪಬೇಕೇ ಎಂಬುದೇ ಪ್ರಶ್ನೆ.

ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಪಡುವಣ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಕೂಡ್ಲಿಗಿ, ಕೊಟ್ಟೂರು ಸೀಮೆಗಳಿಗೆ ಆ ಭಾಗ್ಯವಿಲ್ಲ; ಗುಡ್ಡಗಳಿಂದ ಇಳಿದು ಬರುವ ಹಳ್ಳಗಳೇ ಅಲ್ಲಿನ ನದಿಗಳು. ಹಗರಿಬೊಮ್ಮನಹಳ್ಳಿ ತನ್ನ ಹೆಸರಿನಲ್ಲಿಯೇ ಹಗರಿಯನ್ನು ಹೊತ್ತಿದೆ. ಆ ತಾಲ್ಲೂಕಿನ ಮಾಲವಿ ಜಲಾಶಯವು ಚಿಕ್ಕಹಗರಿಗೆ ಅಡ್ಡಲಾಗಿ ನಿಂತಿದೆ. ಈ ಹಳ್ಳಗಳು ವರ್ಷದ ಕೆಲವೇ ದಿನ ತುಂಬಿ ಹರಿಯುತ್ತವೆ. ಉಳಿದ ಕಾಲದಲ್ಲಿ ಅಲ್ಲಿ ಕಾಣುವುದು ಮರಳು, ಕಲ್ಲು, ಅಲ್ಲಲ್ಲಿ ಒಂದು ಮಡು ಮಾತ್ರ. ಹೊರಗಿನವರ ಕಣ್ಣಿಗೆ ಅದು ಪಾಳುಬಿದ್ದ ನೆಲ. ಆದ್ದರಿಂದ ಕಲ್ಲು ಆರಿಸುವವರಿಗೆ ಬೇಸಿಗೆಯೇ ಸುಗ್ಗಿ. ಹೊಳೆಗೆ ಅತಿ ಹೆಚ್ಚು ಹಾನಿಯಾಗುವುದೂ ಆಗಲೇ.

ಹರಿಯುವ ನೀರಿನಲ್ಲಿರುವ ಒಂದು ಗುಂಡುಕಲ್ಲನ್ನು ಮಗುಚಿ ನೋಡಿದ ವಿದ್ಯಾರ್ಥಿಗೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ. ಕಲ್ಲಿನ ಮೇಲ್ಮೈಯ ಪಾಚಿ ಅನೇಕ ಮೀನುಗಳ ಮೇವು. ಅದರ ಅಡಿಭಾಗದಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಗಳು ಅಡಗಿರುತ್ತವೆ. ಸೊಳ್ಳೆಯ ಮರಿಗಳನ್ನು ತಿಂದು ಊರಿಗೆ ಉಪಕಾರ ಮಾಡುವ ಜೀವಿಗಳವು. ಕಲ್ಲಿನ ಸಂದುಗಳಲ್ಲಿ ಮೀನುಗಳು ಮೊಟ್ಟೆಯಿಡುತ್ತವೆ, ಏಡಿಗಳು ಬಿಲ ಮಾಡುತ್ತವೆ. ಹಳ್ಳ ಒಣಗಿದಾಗಲೂ ಕಲ್ಲಿನ ಅಡಿಯಲ್ಲಿ ತೇವ ಉಳಿಯುತ್ತದೆ. ಮುಂದಿನ ಮಳೆಯವರೆಗೆ ಕಪ್ಪೆಗಳು ಜೀವ ಹಿಡಿದುಕೊಳ್ಳುವುದು ಅಂತಹ ತೇವದಲ್ಲಿಯೇ. ಟಿಟ್ಟಿಭ ಹಕ್ಕಿ ಬೇಸಿಗೆಯಲ್ಲಿ ಬಯಲು ನೆಲದ ಹರಳುಗಳ ನಡುವೆ ಮೊಟ್ಟೆಯಿಡುತ್ತದೆ. ಮೊಟ್ಟೆಯ ಬಣ್ಣ ಹರಳಿನ ಬಣ್ಣವೇ ಆಗಿರುವುದರಿಂದ ಹರಳುಗಳೇ ಅದಕ್ಕೆ ರಕ್ಷಣೆ. ತುಂಗಭದ್ರೆಯ ತಾಯಿಹೊಳೆಗಳಲ್ಲೊಂದಾದ ಭದ್ರೆಯ ಲಕ್ಕವಳ್ಳಿ ಜಲಾಶಯದಲ್ಲಿ ಬೇಸಿಗೆಯಲ್ಲಿ ನೀರು ಇಳಿದಾಗ ತೆರೆದುಕೊಳ್ಳುವ ನಡುಗಡ್ಡೆಗಳ ಕಲ್ಲುನೆಲದಲ್ಲಿ ಸಾವಿರಾರು ನದಿ ರೀವಗಳು ಸಂಸಾರ ಹೂಡುತ್ತವೆ. ಗಾಜಿನ ಪೆಟ್ಟಿಗೆಗೆ ಚೆಂದವಾದ ಕಲ್ಲು ಹುಡುಕುವವನ ಕಾಲಡಿಯಲ್ಲಿ ಇಂತಹ ಮೊಟ್ಟೆಗಳಿರಬಹುದೆಂಬುದು ಅವನಿಗೆ ತಿಳಿಯುವುದೂ ಇಲ್ಲ.

ಕಟ್ಟಿಗೆಯ ಕಥೆಯೂ ಇದೇ. ಹೊಳೆಯಲ್ಲಿ ಬಿದ್ದ ಮರದ ಬೊಡ್ಡೆ ಕಸವಲ್ಲ. ಅದು ನೀರಿನ ರಭಸವನ್ನು ಮುರಿಯುತ್ತದೆ, ಅದರ ಹಿಂದೆ ಮಡು ಉಂಟಾಗುತ್ತದೆ, ಮೀನಿನ ಮರಿಗಳಿಗೆ ಅಲ್ಲಿ ಆಶ್ರಯ ಸಿಗುತ್ತದೆ. ಅದು ಕೊಳೆಯುತ್ತಾ ಹೋದಂತೆ ನೂರಾರು ಜೀವಿಗಳಿಗೆ ಆಹಾರವಾಗುತ್ತದೆ. ಹಿಂದೆ ಮಲೆನಾಡಿನ ಮಳೆ ಮರಗಳನ್ನು ಬಯಲುಸೀಮೆಗೆ ತೇಲಿಸಿ ತರುತ್ತಿತ್ತು. ಮೇಲ್ಭಾಗದಲ್ಲಿ ಭದ್ರೆಗೂ ತುಂಗೆಗೂ ಅಣೆಕಟ್ಟುಗಳಾದ ಮೇಲೆ ತೇಲುವ ಮರಗಳು ಅಲ್ಲಿಯೇ ತಡೆದು ನಿಲ್ಲುತ್ತವೆ. ಬರುವುದು ಕಡಿಮೆಯಾದಾಗ ಇರುವುದನ್ನೂ ಹೊತ್ತೊಯ್ದರೆ ಹೊಳೆಗೆ ಉಳಿಯುವುದೇನು?

‘ಹೊಳೆಯಲ್ಲಿ ಹೂಳು ತುಂಬಿದೆಯಲ್ಲ, ನಾಲ್ಕು ಕಲ್ಲು ತೆಗೆದರೆ ಒಳ್ಳೆಯದೇ ಅಲ್ಲವೇ’ ಎಂದು ಕೇಳುವವರಿದ್ದಾರೆ. ತುಂಗಭದ್ರಾ ಜಲಾಶಯ 1953ರಲ್ಲಿ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿತ್ತು. ಇಂದು ಅದರ ಸಾಮರ್ಥ್ಯ ಸುಮಾರು 106 ಟಿಎಂಸಿ ಅಡಿಗೆ ಇಳಿದಿದೆ. ಹೂಳಿನ ಸಮಸ್ಯೆ ಸತ್ಯ. ಆದರೆ ಆ ಹೂಳು ಬೋಳಾದ ಗುಡ್ಡಗಳಿಂದ, ಉತ್ತ ಹೊಲಗಳಿಂದ ಕೊಚ್ಚಿಹೋದ ನಯವಾದ ಮಣ್ಣು. ಗುಂಡುಕಲ್ಲು ಹೂಳಲ್ಲ. ಅದು ತಳದ ಮಣ್ಣನ್ನು ಹಿಡಿದಿಡುವ ಹೊದಿಕೆ. ಹೊದಿಕೆ ಕಿತ್ತ ಹಳ್ಳದಲ್ಲಿ ಮುಂದಿನ ಮಳೆಗೆ ಮಣ್ಣು ಇನ್ನೂ ವೇಗವಾಗಿ ಕೊಚ್ಚಿಹೋಗುತ್ತದೆ. ಕಲ್ಲು ಒಯ್ದವನು ಹೂಳನ್ನು ಕಡಿಮೆ ಮಾಡುವುದಿಲ್ಲ, ಹೆಚ್ಚಿಸುತ್ತಾನೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ರಾತ್ರೋರಾತ್ರಿ ಲಾರಿಗಟ್ಟಲೆ ಮರಳು ಸಾಗಿಸುವವರನ್ನು ಬಿಟ್ಟು ಚೀಲ ಹಿಡಿದ ಹವ್ಯಾಸಿಯನ್ನು ತಡೆಯುವುದು ನ್ಯಾಯವೇ? ತೂಕದ ಲೆಕ್ಕದಲ್ಲಿ ಎರಡಕ್ಕೂ ಹೋಲಿಕೆಯಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಎರಡರ ಹಿಂದಿನ ನಂಬಿಕೆ ಒಂದೇ. ಹೊಳೆಯಲ್ಲಿ ಬಿದ್ದಿರುವುದು ಕೈಗೆ ಸಿಕ್ಕವರ ಸ್ವತ್ತು ಎಂಬುದೇ ಆ ನಂಬಿಕೆ. ಚೀಲಕ್ಕೆ ಈ ಮಾತನ್ನು ಒಪ್ಪಿದ ಊರು ಲಾರಿಯ ಮುಂದೆ ನಿಂತು ಏನೆಂದು ವಾದಿಸೀತು? ಅಲ್ಲದೆ ಹವ್ಯಾಸ ಬೆಳೆದು ವ್ಯಾಪಾರವಾದಾಗ ಚೀಲವೇ ಲಾರಿಯಾಗುತ್ತದೆ. ಕೂಲಿಯಾಳು ಬಿಸಿಲಿನಲ್ಲಿ ಆರಿಸಿದ ಕಲ್ಲಿಗೆ ಪುಡಿಗಾಸು, ಅಂಗಡಿಯಲ್ಲಿ ಅದೇ ಕಲ್ಲಿಗೆ ಹಲವು ಪಟ್ಟು ಬೆಲೆ. ನಷ್ಟ ಮಾತ್ರ ಪೂರ್ತಿಯಾಗಿ ಹಳ್ಳಿಯದು.

ಅಕ್ವೇರಿಯಂ ವ್ಯಾಪಾರ ಹೊಳೆಗಳನ್ನು ಹೇಗೆ ಬರಿದು ಮಾಡಬಲ್ಲದು ಎಂಬುದಕ್ಕೆ ಮೀನುಗಳೇ ಸಾಕ್ಷಿ. ‘ಮಿಸ್ ಕೇರಳ’ ಎಂದು ಹೆಸರಾದ ಕೆಂಪು ಗೆರೆಯ ಪುಟ್ಟ ಮೀನು ಕೊಡಗಿನಲ್ಲಿ ಹುಟ್ಟಿ ಕಾಸರಗೋಡಿನ ಮೂಲಕ ಕಡಲು ಸೇರುವ ಚಂದ್ರಗಿರಿ ಹೊಳೆಯೂ ಸೇರಿದಂತೆ ಪಶ್ಚಿಮಘಟ್ಟದ ಕೆಲವೇ ಹೊಳೆಗಳ ನಿವಾಸಿ. ವಿದೇಶಗಳ ಗಾಜಿನ ಪೆಟ್ಟಿಗೆಗಳಿಗಾಗಿ ಅದನ್ನು ಎಗ್ಗಿಲ್ಲದೆ ಹಿಡಿದು ಕಳಿಸಲಾಯಿತು. 2008ರಲ್ಲಿ ಕೇರಳ ಸರ್ಕಾರ ಹಿಡಿಯುವಿಕೆಗೆ ನಿರ್ಬಂಧ ಹೇರಬೇಕಾಯಿತು. ಇಂದು ಅದು ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಆರಂಭದಲ್ಲಿ ಅದರ ಬಗ್ಗೆಯೂ ಕೇಳಿಬಂದದ್ದು ‘ನಾಲ್ಕು ಮೀನು ತಾನೇ’ ಎಂಬ ಮಾತೇ. ಆದರೂ ಮೀನು ಮರಿಮಾಡುತ್ತದೆ. ಹಡಗಲಿಯ ಮಲ್ಲಿಗೆಯನ್ನು ಇಂದು ಬಿಡಿಸಿದರೆ ನಾಳೆ ಮತ್ತೆ ಅರಳುತ್ತದೆ. ನೀರು ಉರುಳಿಸಿ ಉರುಳಿಸಿ ನಯಗೊಳಿಸಿದ ಕಲ್ಲು ಮನುಷ್ಯನ ಆಯುಷ್ಯದ ಅವಧಿಯಲ್ಲಿ ಮರಳಿ ಹುಟ್ಟುವುದಿಲ್ಲ.

ಯಾರ ಸ್ವತ್ತೂ ಅಲ್ಲ ಎಂಬ ಮಾತು ಕಾನೂನಿನ ದೃಷ್ಟಿಯಿಂದಲೂ ಸುಳ್ಳು. ಹೊಳೆಯ ಕಲ್ಲು, ಮರಳು, ಜಲ್ಲಿ ಉಪಖನಿಜಗಳು; ಅವುಗಳ ಗಣಿಗಾರಿಕೆ, ಸಾಗಣೆಗಳು 1994ರ ಕರ್ನಾಟಕ ಉಪಖನಿಜ ನಿಯಮಗಳಿಗೆ ಒಳಪಟ್ಟಿವೆ. ಸಣ್ಣ ಪ್ರದೇಶದ ಉಪಖನಿಜ ಗಣಿಗಾರಿಕೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಆದೇಶಿಸಿತು. ತೇಲಿಬಂದು ದಡ ಸೇರಿದ ಮರವೂ, ಬೇರೆಯವರು ಹಕ್ಕು ಸಾಬೀತುಪಡಿಸುವವರೆಗೆ ಸರ್ಕಾರದ್ದೆಂದು ಅರಣ್ಯ ಕಾನೂನು ಪರಿಗಣಿಸುತ್ತದೆ. ಇದಕ್ಕಿಂತ ಮುಖ್ಯವಾದ ಅಧಿಕಾರ ಹಳ್ಳಿಯ ಕೈಯಲ್ಲಿಯೇ ಇದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ತನ್ನ ವ್ಯಾಪ್ತಿಯಲ್ಲಿ ವ್ಯಾಪಾರಕ್ಕಾಗಿ ಜೈವಿಕ ಸಂಪನ್ಮೂಲ ಸಂಗ್ರಹಿಸುವವರಿಂದ ಶುಲ್ಕ ಪಡೆಯುವ ಹಕ್ಕು ಆ ಸಮಿತಿಗಿದೆ. ಸಮಿತಿ ಕಾಗದದ ಮೇಲೆ ಮಾತ್ರ ಉಳಿದಿದ್ದರೆ ಅದನ್ನು ಎಬ್ಬಿಸುವ ಕೆಲಸ ಗ್ರಾಮಸಭೆಯದು.

ಮೀನು ಸಾಕುವ ಹವ್ಯಾಸವನ್ನೇ ಇಲ್ಲಿ ದೂಷಿಸುತ್ತಿಲ್ಲ. ಗಾಜಿನ ಪೆಟ್ಟಿಗೆಯ ಮುಂದೆ ಕುಳಿತು ಜೀವಶಾಸ್ತ್ರದ ಮೊದಲ ಪಾಠ ಕಲಿತ ಮಕ್ಕಳಿದ್ದಾರೆ. ಆದರೆ ಹೊಳೆಯಿಂದ ತಂದದ್ದೆಲ್ಲ ಮೀನಿಗೆ ಹಿತವೂ ಅಲ್ಲ. ಸುಣ್ಣದ ಅಂಶವಿರುವ ಕಲ್ಲು ನೀರನ್ನು ಗಡಸಾಗಿಸುತ್ತದೆ. ಸರಿಯಾಗಿ ಒಣಗದ ಕಟ್ಟಿಗೆ ಪೆಟ್ಟಿಗೆಯೊಳಗೆ ಕೊಳೆತು ನೀರನ್ನು ಕೆಡಿಸುತ್ತದೆ. ಬಣ್ಣ ಬಳಿಯದ ಒಡೆದ ಮಡಕೆಯ ಚೂರು, ಚೆನ್ನಾಗಿ ಕುದಿಸಿ ತೊಳೆದ ತೆಂಗಿನ ಚಿಪ್ಪು, ಕಲ್ಲು ಕತ್ತರಿಸುವ ಘಟಕಗಳು ಬಿಸಾಡುವ ಗ್ರಾನೈಟ್ ತುಂಡು, ಇವು ಮೀನಿಗೆ ಅಡಗುತಾಣವಾಗಲು ಸಾಕು. ಇವುಗಳನ್ನು ತೆಗೆದರೆ ಯಾವ ಹಕ್ಕಿಯ ಗೂಡೂ ಮುರಿಯುವುದಿಲ್ಲ.

ಗಂಗೆಪೂಜೆಗೆ ಹೊಳೆಗೆ ಹೋಗುವ ಹೆಣ್ಣುಮಕ್ಕಳು ದಡದಲ್ಲಿ ಐದು ಕಲ್ಲು ಆರಿಸಿ, ತೊಳೆದು, ಅರಿಶಿನ ಕುಂಕುಮ ಹಚ್ಚಿ ಪೂಜಿಸುತ್ತಾರೆ. ಪೂಜೆ ಮುಗಿದ ಮೇಲೆ ಕಲ್ಲನ್ನು ಅಲ್ಲಿಯೇ ಬಿಟ್ಟು ಬರುತ್ತಾರೆ. ಹಳ್ಳಿಗರಿಗೆ ಹೊಸದಾಗಿ ಕಲಿಸಬೇಕಾದದ್ದು ಏನೂ ಇಲ್ಲ. ಈ ನಡವಳಿಕೆಯನ್ನು ಊರಿನ ನಿರ್ಣಯವಾಗಿ ಬರೆದಿಡಬೇಕಾಗಿದೆ, ಅಷ್ಟೆ. ಐದೂ ತಾಲ್ಲೂಕುಗಳ ಗ್ರಾಮಸಭೆಗಳು ಮುಂದಿನ ಬೇಸಿಗೆಗೆ ಮುನ್ನ ಮೂರು ಕೆಲಸ ಮಾಡಬಹುದು: ಹೊಳೆ ಹಳ್ಳಗಳಿಂದ ಅಲಂಕಾರಕ್ಕಾಗಿ ಕಲ್ಲು, ಕಟ್ಟಿಗೆ ಒಯ್ಯಬಾರದೆಂದು ನಿರ್ಣಯಿಸುವುದು, ಹಕ್ಕಿಗಳು ಮೊಟ್ಟೆಯಿಡುವ ದಿಬ್ಬಗಳನ್ನು, ಮೀನು ಉಳಿಯುವ ಮಡುಗಳನ್ನು ಶಾಲಾ ವಿದ್ಯಾರ್ಥಿಗಳ ನೆರವಿನಿಂದ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಸುವುದು, ಚೀಲಕ್ಕಾಗಲಿ ಲಾರಿಗಾಗಲಿ ಒಂದೇ ಉತ್ತರ ಕೊಡುವುದು. ಹೊಳೆಯ ಕಲ್ಲು ಹೊಳೆಯಲ್ಲಿಯೇ ಇರಲಿ.