ಒಲೆಯ ಬೂದಿಯೂ ಮನೆಯ ತಾರಸಿಯೂ

ಸಂತೆಬಾಚಹಳ್ಳಿಯ ಗೃಹಸ್ಥರೊಬ್ಬರು ಹೊಸ ಮನೆಗೆ ತಾರಸಿ ಹಾಕಿಸುವ ಸನ್ನಾಹದಲ್ಲಿರುವರು. ಹಿತ್ತಿಲಲ್ಲಿ ಶೇಖರವಾಗಿರುವ ಸೌದೆಯ ಬೂದಿಯನ್ನು ಕಾಂಕ್ರೀಟಿಗೆ ಬೆರೆಸಿದರೆ ನಾಲ್ಕಾರು ಮೂಟೆ ಸಿಮೆಂಟು ಉಳಿಯುವುದೆಂದು ಯಾರೋ ಅವರಿಗೆ ಹೇಳಿರುವರಂತೆ; ಇದು ಆದೀತೆ ಎಂದು ನಮ್ಮನ್ನು ಕೇಳಿರುವರು. ತಾರಸಿಗೆ ಕೂಡದೆಂಬುದೇ ನಮ್ಮ ಉತ್ತರ. ಆದರೆ ಇದು ನಕ್ಕು ತಳ್ಳಿಬಿಡತಕ್ಕ ಮಾತಲ್ಲ.

ಅವರ ಜಿಲ್ಲೆಯಲ್ಲಿಯೇ ಇರುವ ಕನ್ನಂಬಾಡಿ ಅಣೆಕಟ್ಟನ್ನು ನೋಡಬಹುದು. 1911ರಲ್ಲಿ ಆರಂಭವಾದ ಆ ಮಹಾಕಾರ್ಯದಲ್ಲಿ ಕಲ್ಲಿಗೆ ಕಲ್ಲನ್ನು ಬೆಸೆದದ್ದು ಸುರಕಿ ಗಾರೆ. ಎಂದರೆ ಸುಟ್ಟ ಜೇಡಿಯ ನುಣುಪಾದ ಪುಡಿಯನ್ನು ಸುಣ್ಣದೊಡನೆ ಅರೆದದ್ದು. ಬೆಂದ ಮಣ್ಣಿನಲ್ಲಿರುವ ಸಿಲಿಕವು ನೀರಿನ ಸಂಗಡ ಸುಣ್ಣವನ್ನು ಕೂಡಿ ನಿಧಾನವಾಗಿ ಕಲ್ಲಾಗುವುದು. ರೋಮನರು ಜ್ವಾಲಾಮುಖಿಯ ಬೂದಿಯಿಂದ ಇದನ್ನೇ ಸಾಧಿಸಿದ್ದರು. ಆದುದರಿಂದ ಬೂದಿಯಿಂದ ಕಟ್ಟಡವಾಗುವುದು ಸುಳ್ಳಲ್ಲ. ಯಾವ ಬೂದಿ ಎಂಬುದೇ ಪ್ರಶ್ನೆ.

ಸೌದೆಯ ಬೂದಿಯಲ್ಲಿ ಸಾಮಾನ್ಯವಾಗಿ ಹೆಚ್ಚಾಗಿರುವುದು ಸುಣ್ಣದ ಅಂಶ, ಅದರೊಡನೆ ಕ್ಷಾರ, ಸಿಲಿಕವು ಸ್ವಲ್ಪವೇ. ಆ ಕ್ಷಾರದ ಗುಣವನ್ನು ಬೂದಿಯಿಂದ ಪಾತ್ರೆ ಬೆಳಗಿದ ಕೈಗಳು ಚೆನ್ನಾಗಿ ಬಲ್ಲವು. ಕಾಂಕ್ರೀಟಿನೊಳಗೆ ಅದು ಕೆಲವು ಜಾತಿಯ ಜಲ್ಲಿಯೊಡನೆ ಸೇರಿ ಉಬ್ಬುವುದು. ವರುಷಗಳ ಮೇಲೆ ಬಿರುಕು ಕಾಣುವುದು. ಬೂದಿಯಲ್ಲಿ ಉಳಿದ ಇದ್ದಿಲ ಚೂರು ನೀರನ್ನು ಹೀರುವುದು. ಕಲಸು ಗಟ್ಟಿಯಾಯಿತೆಂದು ಗಾರೆಯವನು ಇನ್ನೆರಡು ಕೊಡ ನೀರು ಸುರಿಯುವನು. ಅಲ್ಲಿಗೆ ತಾರಸಿಯ ಬಲ ಕುಗ್ಗಿತು. ಕೆಳಗೆ ಮಕ್ಕಳು ಮಲಗುವ ಮನೆಯಲ್ಲವೆ?

ಮತ್ತೊಂದು ಸಂಗತಿಯನ್ನು ಬಹುಮಂದಿ ಗಮನಿಸುವುದಿಲ್ಲ. ಅಂಗಡಿಯಲ್ಲಿ ಪಿ.ಪಿ.ಸಿ. ಎಂದು ಮಾರುವ ಸಿಮೆಂಟಿನಲ್ಲಿ ಸಾಮಾನ್ಯವಾಗಿ ಬೂದಿಯು ಮೊದಲೇ ಇರುವುದು. ಅದು ಕಲ್ಲಿದ್ದಲು ಉರಿಸುವ ವಿದ್ಯುತ್ ಕೇಂದ್ರಗಳ ಹಾರುಬೂದಿ. ನೂರಕ್ಕೆ 15ರಿಂದ 35ರವರೆಗೆ ಸೇರಿಸಲು ನಿಯಮವುಂಟು. ಅದು ಪರೀಕ್ಷೆಯಾಗಿ ಬಂದ ಬೂದಿ. ಅದರ ಮೇಲೆ ಒಲೆಯ ಬೂದಿಯನ್ನೂ ಸುರಿದರೆ ಲೆಕ್ಕವೇ ಕೆಡುವುದು.

ಹಾಗಾದರೆ ನಮ್ಮ ಹಳ್ಳಿಗಳಲ್ಲಿ ತಕ್ಕ ಬೂದಿಯೇ ಇಲ್ಲವೆ? ಇದೆ. ಬತ್ತದ ಹೊಟ್ಟನ್ನು ಸುಟ್ಟರೆ ತೂಕದಲ್ಲಿ ಐದರಲ್ಲೊಂದು ಪಾಲಿನಷ್ಟು ಬೂದಿ ಸಿಕ್ಕುವುದು; ಅದರಲ್ಲಿ ಬಹುಭಾಗ ಸಿಲಿಕವೇ. ಆಲೆಮನೆಯ ಒಲೆಯಲ್ಲಿ ಉರಿಯುವ ಕಬ್ಬಿನ ಸಿಪ್ಪೆಯ ಬೂದಿಯಲ್ಲಿಯೂ ಸಿಲಿಕವುಂಟು. ಆದರೆ ಉರಿ ಮಿತಿಮೀರಿದರೆ ಆ ಸಿಲಿಕವು ಹರಳುಗಟ್ಟಿ ಜಡವಾಗುವುದು. ಉರಿ ಸಾಲದಿದ್ದರೆ ಬೂದಿ ಕಪ್ಪಾಗಿ ಉಳಿಯುವುದು. ಹದವಾಗಿ ಬೆಂದದ್ದನ್ನೂ ಸಿಮೆಂಟಿನಷ್ಟು ನುಣ್ಣಗೆ ಅರೆಯಬೇಕು. ಇದು ಕಾರ್ಖಾನೆಯ ಕೆಲಸವೇ ಹೊರತು ಒರಳಿನ ಕೆಲಸವಲ್ಲ.

ಪ್ರಯೋಗ ಮಾಡಲೇಬೇಕೆಂಬ ಹಂಬಲವಿದ್ದವರು ಅಂಗಳದ ನೆಲಕ್ಕೆ ಮಾಡಲಿ. ಇದ್ದಿಲನ್ನು ತೆಗೆದು, ನುಣ್ಣಗೆ ಜರಡಿಹಿಡಿದ ಬೂದಿಯನ್ನು ಸಿಮೆಂಟಿನ ತೂಕದ ಹತ್ತರಲ್ಲೊಂದು ಪಾಲಿಗೆ ಮೀರದಂತೆ ಹಾಕಿ, ಮೊದಲು ಒಂದು ಮೊಳದ ಜಾಗದಲ್ಲಿ ನೋಡತಕ್ಕದ್ದು. ತಾರಸಿ, ತೊಲೆ, ಕಂಬಗಳಿಗೆ ಬೇಡ. ಅಲ್ಲಿ ಉಳಿತಾಯ ಬೇಕಾದವರು ಕಲಸುವಾಗ ನೀರನ್ನು ಬಿಗಿಹಿಡಿದು, ಹಾಕಿದ ಮೇಲೆ ಕನಿಷ್ಠ 10 ದಿನ, ಬಿಸಿಲು ಬಲವಾಗಿದ್ದರೆ 14 ದಿನ ಬಿಡದೆ ತಾರಸಿಯನ್ನು ನೆನೆಸಲಿ. ಕೊಂಡ ಸಿಮೆಂಟಿನ ಪೂರ್ಣ ಫಲ ಆಗಲೇ ದೊರೆಯುವುದು. ಹಿತ್ತಿಲ ಬೂದಿಯು ತೆಂಗಿನ ಪಾತಿಗೆ ಹೋಗಲಿ. ಗೋಡೆಗೆ ಬೇಡವಾದ ಆ ಕ್ಷಾರವೇ ಗಿಡಕ್ಕೆ ಗೊಬ್ಬರ.