ಬುರುಡೆ ಕೊರೆಯದೆ ಒಳಗಿನ ಹರಿವು ತಿಳಿದೀತೆ?

ಮಲಗಿದ್ದವರು ದಡಬಡನೆ ಎದ್ದು ನಿಂತರೆ ರಕ್ತದೊತ್ತಡ ಕ್ಷಣಕಾಲ ಇಳಿಯುತ್ತದೆ. ಆದರೂ ಬಹುತೇಕರಿಗೆ ಕಣ್ಣು ಕತ್ತಲೆ ಬರುವುದಿಲ್ಲ. ಒತ್ತಡ ಇಳಿದಾಗ ಮಿದುಳಿನ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ಏರಿದಾಗ ಕುಗ್ಗುತ್ತವೆ. ಹೀಗಾಗಿ ರಕ್ತದ ಹರಿವು ಹೆಚ್ಚುಕಡಿಮೆ ಒಂದೇ ಸಮ ಉಳಿಯುತ್ತದೆ. ಡೆನ್ಮಾರ್ಕಿನ ನೀಲ್ಸ್ ಲಾಸೆನ್ 1959ರಲ್ಲಿ ಇದನ್ನು ರೇಖೆಯಾಗಿ ಬರೆದು ತೋರಿಸಿದರು. ತಲೆಗೆ ಪೆಟ್ಟು ಬಿದ್ದವರಲ್ಲಿ, ದಿನ ತುಂಬದೆ ಹುಟ್ಟಿದ ಕೂಸುಗಳಲ್ಲಿ ಈ ಏರ್ಪಾಡು ಕೈಕೊಡಬಹುದು. ಅದನ್ನು ಕಂಡುಹಿಡಿಯಲು ಪೆಟ್ಟು ಬಿದ್ದವರ ಬುರುಡೆಗೆ ತೂತು ಕೊರೆದು ಒತ್ತಡಮಾಪಕ ಇಳಿಸುವುದುಂಟು. ಸೋಂಕು, ರಕ್ತಸ್ರಾವದ ಭಯ ಇದ್ದೇ ಇದೆ.

ಕೊರೆಯದ ದಾರಿಯನ್ನು 1982ರಲ್ಲಿ ರೂನೆ ಆಸ್ಲಿಡ್ ಮತ್ತು ಸಂಗಡಿಗರು ತೋರಿಸಿದರು. ಕಣತಲೆಯ ತೆಳು ಮೂಳೆಯ ಮೂಲಕ ಅಲ್ಟ್ರಾಸೌಂಡ್ ಹಾಯಿಸಿ, ಮಿದುಳಿನ ದೊಡ್ಡ ಅಪಧಮನಿಗಳಲ್ಲಿ ರಕ್ತ ಓಡುವ ವೇಗ ಅಳೆದರು. ಡಾಪ್ಲರ್ ಎಂಬ ಈ ವಿಧಾನದ ದೊಡ್ಡ ಗೆಲುವು ಕಂಡದ್ದು ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವ ಮಕ್ಕಳಲ್ಲಿ. ಸೆಕೆಂಡಿಗೆ 200 ಸೆಂ.ಮೀ. ವೇಗ ಮುಟ್ಟಿದವರಿಗೆ ನಿಯಮಿತವಾಗಿ ರಕ್ತ ಕೊಟ್ಟಾಗ ಪಾರ್ಶ್ವವಾಯು ಸುಮಾರು ಶೇ 90ರಷ್ಟು ತಗ್ಗಿತೆಂದು 1998ರ ಅಮೆರಿಕದ ಪ್ರಯೋಗ ತೋರಿಸಿತು. ಆದರೆ ಅಲ್ಲಿ ಪತ್ತೆಯಾದದ್ದು ನಾಳ ಕಿರಿದಾದದ್ದು, ಹರಿವಿನ ನಿಯಂತ್ರಣ ಕೆಟ್ಟದ್ದಲ್ಲ. ಈ ಯಂತ್ರಗಳನ್ನು ಹೊಗಳುವವರು ಈ ವ್ಯತ್ಯಾಸವನ್ನು ಮೆಲ್ಲನೆ ಜಾರಿಸಿಬಿಡುತ್ತಾರೆ.

ತಕರಾರುಗಳೂ ಹುರುಳಿಲ್ಲದವಲ್ಲ. ವೇಗವೆಂದರೆ ಹರಿವಲ್ಲ, ನಾಳದ ಅಗಲ ಬದಲಾದರೆ ಲೆಕ್ಕ ತಪ್ಪುತ್ತದೆ. ಕೆಲವರ, ಅದರಲ್ಲೂ ವಯಸ್ಸಾದ ಹೆಂಗಸರ, ಮೂಳೆ ಅಲ್ಟ್ರಾಸೌಂಡ್ ಅನ್ನು ಒಳಗೇ ಬಿಡುವುದಿಲ್ಲ. ಹಣೆಗೆ ಪಟ್ಟಿ ಅಂಟಿಸಿ ಅವಕೆಂಪು ಬೆಳಕಿನಿಂದ ಆಮ್ಲಜನಕ ನೋಡುವ ವಿಧಾನ ಗಂಟೆಗಟ್ಟಲೆ ಕಾವಲಿಗೆ ಒಗ್ಗುತ್ತದೆ, ನಿಜ. ಆದರೆ ಹಣೆಯ ಚರ್ಮದ ರಕ್ತವೂ ಅದರ ಲೆಕ್ಕದಲ್ಲಿ ಬೆರೆಯುತ್ತದೆ.

28 ವಾರ ತುಂಬುವ ಮೊದಲೇ ಹುಟ್ಟಿದ 1601 ಕೂಸುಗಳ ಮೇಲೆ ಈ ಪಟ್ಟಿಯ ಪರೀಕ್ಷೆ ನಡೆದು, 2023ರಲ್ಲಿ ಫಲಿತಾಂಶ ಬಂತು. ಸಾವು ಅಥವಾ ತೀವ್ರ ಮಿದುಳು ಹಾನಿ ಪಟ್ಟಿ ಇದ್ದವರಲ್ಲಿ ಶೇ 35.2, ಇಲ್ಲದವರಲ್ಲಿ ಶೇ 34. ಯಂತ್ರ ಸುಳ್ಳು ಹೇಳಿತೆಂದು ಇದರರ್ಥವಲ್ಲ. 166 ಕೂಸುಗಳ ಹಿಂದಿನ ಪ್ರಯೋಗದಲ್ಲಿ ಆಮ್ಲಜನಕದ ಕೊರತೆ ನಿಜಕ್ಕೂ ತಗ್ಗಿತ್ತು. ಎಚ್ಚರಿಕೆ ಸಿಕ್ಕಮೇಲೆ ಏನು ಮಾಡಬೇಕು ಎಂಬುದೇ ನಮಗಿನ್ನೂ ಸರಿಯಾಗಿ ಗೊತ್ತಿಲ್ಲವೆಂದು ನನಗನ್ನಿಸುತ್ತದೆ. ಸಂಶೋಧನೆಗೆ ಈ ಯಂತ್ರಗಳು ಬೇಕು. ಅಂಕಿಯೊಂದನ್ನೇ ನಂಬಿ ಔಷಧಿ ಏರಿಸಿಳಿಸುವಷ್ಟು ಪಕ್ವವಾಗಿಲ್ಲ.

ಹೀಗಾಗಿ ನಿಮ್ಮ ಕೂಸು ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿದ್ದು ಹಣೆಗೆ ಪಟ್ಟಿ ಹಾಕಿಲ್ಲವೆಂದರೆ ಕೊರಗಬೇಡಿ. ಎರಡು ವರ್ಷ ದಾಟಿದ ಮಗುವಿಗೆ ಸಿಕಲ್ ಸೆಲ್ ಇದ್ದರೆ ಮಾತ್ರ, ತಲೆಯ ಡಾಪ್ಲರ್ ಆಗಿದೆಯೇ ಎಂದು ಡಾಕ್ಟರನ್ನು ಕೇಳಿ.